ಸೀರೆ ತಿರುವಿ ನೋಡಿ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ಮಗಳ ಮದುವೆಗೆಂದು ಕೊಂಡ ಕಸೂತಿಯ ಇಳಕಲ್ ಸೀರೆ ಕೈಮಗ್ಗದ್ದೋ ಅಲ್ಲವೋ, ಕಸೂತಿ ಕೈಯದೋ ಯಂತ್ರದ್ದೋ ಎಂದು ಕೇಳಿದ್ದೀರಿ. ಬೆಲೆಚೀಟಿ ಬದಿಗಿಡಿ. ಸೀರೆಯನ್ನು ಚಾಪೆಯ ಮೇಲೆ ಹರವಿ, ಒಳಮೈ ಮೇಲೆ ಬರುವಂತೆ ತಿರುವಿ ಹಾಕಿ.

ಮೊದಲು ಸೆರಗು ಒಡಲನ್ನು ಕೂಡುವ ಜಾಗ ನೋಡಿ. ತೋಪುತೆನಿ ಎಂಬ ಇಳಕಲ್ಲಿನ ಸೆರಗಿರುವ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗಿಗೆ ಕೆಂಪು ರೇಷ್ಮೆಯೆಳೆ. ಎರಡೂ ಹಾಸಿನ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸುತ್ತಾ ಹೋಗುವುದೇ ಕೊಂಡಿ. ಸೀರೆಯ ಅಗಲದುದ್ದಕ್ಕೂ ಹೀಗೇ ಕೊಂಡಿ. ಅದಕ್ಕೇ ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ಅದು ಮುಗಿದರೆ ಮತ್ತೆ ಹಾಸು, ಮತ್ತೆ ಕೊಂಡಿ. ಕೊಂಡಿ ಬೇಡವೆಂದರೆ ಹಲವು ಸೀರೆಗಳ ಹಾಸನ್ನು ಒಟ್ಟಿಗೇ ಹಾಕಬಹುದು. ಅಗ್ಗದ ಸೀರೆ ಉಳಿಸಿಕೊಳ್ಳುವುದು ಈ ಶ್ರಮವನ್ನೇ. ನಿಮ್ಮ ಸೀರೆಯಲ್ಲಿ ಕೊಂಡಿಯ ಸಾಲು ಕಂಡರೆ ಅಲ್ಲಿ ಬೆರಳುಗಳು ದುಡಿದಿವೆ.

ಈಗ ಕಸೂತಿ. ನಮ್ಮ ಕಡೆ ಹೆಣ್ಣುಮಕ್ಕಳು ಗೋಪುರ, ತೇರು, ಅಂಬಾರಿಯ ಆನೆ, ತುಳಸಿಕಟ್ಟೆಗಳನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ, ದಾರಕ್ಕೆ ಗಂಟಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಅದೇ ಹಾದಿಯಲ್ಲಿ ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಮೆಟ್ಟಿಲಿನಂತೆ ಹೋಗುವ ಮುರ್ಗಿಗೂ ಇದೇ ಕ್ರಮ. ಆದ್ದರಿಂದ ಇವೆರಡರಲ್ಲಿ ಮೇಲ್ಮೈಯೂ ಒಳಮೈಯೂ ಒಂದೇ ಥರ. ಯಂತ್ರದ ಕಸೂತಿಗೆ ಮೇಲೊಂದು ದಾರ, ಕೆಳಗೊಂದು ದಾರ ಬೇಕು; ಹಿಂಬದಿಗೆ ತಿರುವಿದರೆ ಆ ಕೆಳದಾರ ಕಂಡೇ ಕಾಣುತ್ತದೆ.

ಯಂತ್ರದ ಕೆಲಸ ಕೈಕೆಲಸದ ಹೆಸರಲ್ಲಿ ಮಾರಾಟವಾಗುವುದು ನಮ್ಮಲ್ಲಷ್ಟೇ ಅಲ್ಲ, ಫ್ರಾನ್ಸಿನ ಅಲೆನ್ಸಾನ್ ಪಟ್ಟಣದ ಲೇಸಿನ ಕತೆಯೂ ಇದೇ. ಬರೀ ಸೂಜಿ, ದಾರದಲ್ಲಿ ಮಾಡುವ ಆ ಲೇಸಿನ ಒಂದು ಚದರ ಸೆಂಟಿಮೀಟರಿಗೆ ಸುಮಾರು 7 ಗಂಟೆ ಬೇಕು. 2010ರಲ್ಲಿ ಯುನೆಸ್ಕೊ ಆ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಮದುವೆಯ ಗೌನಿಗೆ ‘ಅಲೆನ್ಸಾನ್’ ಎಂದು ಮಾರುವ ಲೇಸು ಬಹುಪಾಲು ಯಂತ್ರದ್ದು. ಊರಿನ ಹೆಸರು ಉಳಿಯಿತು, ಊರಿನ ಕೈ ಅದರಲ್ಲಿಲ್ಲ. ನನ್ನನ್ನು ಕಾಡುವುದು ಇದು. ಹಾಗೆಂದು ಯಂತ್ರವೇ ಬೇಡವೆನ್ನುತ್ತಿಲ್ಲ. ವಿದ್ಯುತ್ ಮಗ್ಗವೂ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನ, ರಬಕವಿ–ಬನಹಟ್ಟಿಯವರನ್ನು ಕೇಳಿ. ಅದರ ಬಟ್ಟೆ ಅದರದೇ ಹೆಸರಲ್ಲಿ ಮಾರಾಟವಾಗಲಿ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾನೂನು 1985ರಲ್ಲೇ ಬಂದಿದೆ. ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ಆದರೆ ಅಂಗಡಿಯ ಕಟ್ಟೆಯ ಮೇಲೆ ಅವು ನೆನಪಾಗಬೇಕಾದರೆ ಕೊಳ್ಳುವವರು ಬಾಯಿಬಿಟ್ಟು ಕೇಳಬೇಕು.

ನಿಮ್ಮ ಸೀರೆ ಯಂತ್ರದ್ದೆಂದು ತಿಳಿದರೆ ನೊಂದುಕೊಳ್ಳಬೇಡಿ. ಅಕ್ಕರೆಯಿಂದ ತಂದದ್ದು, ಮಗಳು ಉಡಲಿ. ಆಮೇಲೊಮ್ಮೆ ಅವಳನ್ನು ಕರೆದುಕೊಂಡು ಬನ್ನಿ. ಬಾದಾಮಿಯ ಗುಹೆ ನೋಡಿಕೊಂಡು, ಗುಳೇದಗುಡ್ಡದಲ್ಲಿ ಕುಬಸಕ್ಕೊಂದು ಖಣ ಆರಿಸಿಕೊಂಡು, ಹುನಗುಂದ ದಾಟಿ ಇಳಕಲ್ಲಿಗೆ ಹೋಗೋಣ. ಕುಣಿಮಗ್ಗವಿರುವ ಮನೆಯಲ್ಲಿ ಕೂತು ಕೊಂಡಿ ಹಾಕುವುದನ್ನು ಪೂರ್ತಿ ನೋಡಿ, ಆಮೇಲೆ ಬೆಲೆ ಕೇಳಿ. ಚೌಕಾಶಿಗೆ ನಿಮಗೇ ಮನಸ್ಸು ಬಾರದು.

ಇಂತಿ ನಿಮ್ಮ,
ಬಾಗಲಕೋಟೆಯ ಗೆಳತಿ