ಪ್ರಸಂಗಪೀಠದ ಎದುರಿನ ಬೆಂಚು

ಭಾನುವಾರದ ಪ್ರಸಂಗ ಹೇಗಿತ್ತೆಂದು ಅಯ್ಯನವರಿಗೆ ಮುಖಕ್ಕೇ ಹೇಳುವವರು ಯಾರು? ಮಂಗಳೂರು ಸೀಮೆಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಈ ಪ್ರಶ್ನೆಯ ಉತ್ತರ ನನ್ನ ಕಣ್ಣೆದುರೇ ಎರಡು ಸಲ ಬದಲಾಯಿತು. ನಾನು ಅಯ್ಯನವರಲ್ಲ, ಅಂದರೆ ಸಭಾಪಾಲಕನಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಹೊಸದಾಗಿ ದೀಕ್ಷೆ ಪಡೆದ ಅಯ್ಯನವರಿಗೆಂದು ನಡೆಯುವ ಶಿಬಿರಗಳಿಗೆ ಭಾಷೆ ತಿದ್ದಲು ಕರೆದಿದ್ದರಿಂದ, ಈ ಕಸುಬು ಬದಲಾದ ರೀತಿಯನ್ನು ಹತ್ತಿರದಿಂದ ಕಂಡೆ.

ನಾನು ಹುಡುಗನಾಗಿದ್ದಾಗ ಕಿರಿಯ ಅಯ್ಯನವರು ಹಿರಿಯರ ಹಿಂದೆ ನಡೆದೇ ಪ್ರಸಂಗ ಕಲಿಯುತ್ತಿದ್ದರು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಮಿಷನರಿಗಳ ಜೊತೆ ಊರೂರು ತಿರುಗಿದ ಉಪದೇಶಿಗಳ ಪರಂಪರೆ ಅದು. ಸೆಮಿನರಿ ಮುಗಿಸಿ ಬಂದವನಿಗೆ ಮೊದಲು ಸಿಗುತ್ತಿದ್ದದ್ದು ಮನೆಕೂಟ. ಆಮೇಲೆ ಸಂಡೇ ಸ್ಕೂಲು, ದೂರದ ಸಣ್ಣ ಸಭೆ. ಹಿರಿಯರು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು. ಹಿಂದಿರುಗುವ ದಾರಿಯಲ್ಲಿ ಬಸ್ಸಿಗೆ ಕಾಯುತ್ತ, "ಅಷ್ಟು ವಚನ ಯಾಕೆ ಓದಿಸಿದಿ? ಒಂದನ್ನಾದರೂ ಬಿಡಿಸಿ ಹೇಳಬಾರದಿತ್ತಾ?" ಎಂದು ಕೇಳುವುದಿತ್ತು. ಆ ಮಾತು ಕಟುವಾಗಿರುತ್ತಿತ್ತು, ಆದರೆ ಅದೇ ದಿನ ಸಿಗುತ್ತಿತ್ತು.

ಮುಂದೆ ಓದಿನ ವ್ಯವಸ್ಥೆ ಬಲವಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೂ ತುಮಕೂರಿನ ಯೂನಿಯನ್ ಸೆಮಿನರಿಯೂ ಸೇರಿ 1965ರಲ್ಲಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಸೆರಾಂಪುರದ ಸೆನೆಟ್‌ನ ದೈವಶಾಸ್ತ್ರ ಪದವಿ ಅಲ್ಲೇ ಸಿಗತೊಡಗಿತು. ಬಯಲುಸೀಮೆಯ ಹುಡುಗರು, ಉತ್ತರ ಕರ್ನಾಟಕದವರು, ಕೊಡಗಿನವರು ಒಂದೇ ಹಾಸ್ಟೆಲಿನಲ್ಲಿ ಉಳಿದು ಹೀಬ್ರೂ, ಗ್ರೀಕ್, ಸಭಾಚರಿತ್ರೆ ಓದಿದರು. ವಚನದ ಹಿನ್ನೆಲೆ ಬಿಡಿಸುವುದರಲ್ಲಿ ಈ ತಲೆಮಾರು ಹಿಂದಿನವರಿಗಿಂತ ಎಷ್ಟೋ ಮುಂದಿತ್ತು. ಆದರೆ ಪದವಿ ಕೈಗೆ ಬಂದು ದೀಕ್ಷೆಯಾದ ಕೂಡಲೇ ಹಲವರಿಗೆ ಒಂದು ಪಾಸ್ಟರೇಟು ಪೂರ್ತಿಯಾಗಿ ಹೆಗಲಿಗೆ ಬಿತ್ತು. ಒಂದು ದೊಡ್ಡ ಚರ್ಚು, ಸುತ್ತ ಮೂರು ನಾಲ್ಕು ಸಣ್ಣವು. ಜೊತೆಗೆ ಮದುವೆ, ಮರಣ, ಕಮಿಟಿ, ಶಾಲೆಯ ಲೆಕ್ಕಪತ್ರ, ಕಟ್ಟಡದ ರಿಪೇರಿ. ಪ್ರಸಂಗದ ತಯಾರಿಗೆ ಉಳಿಯುತ್ತಿದ್ದದ್ದು ಶನಿವಾರ ರಾತ್ರಿ. ಹಿಂದಿನ ಬೆಂಚಿನಲ್ಲಿ ಕೂರುವ ಹಿರಿಯರು ಇರಲಿಲ್ಲ.

ಸಭೆಯವರಂತೂ ಹೇಳುವುದಿಲ್ಲ. ಇಪ್ಪತ್ತೇಳು ವರ್ಷದ ಹುಡುಗನಾದರೂ ನಿಲುವಂಗಿ ತೊಟ್ಟ ಮೇಲೆ ಅಜ್ಜಂದಿರಿಗೂ ಅವರು ಅಯ್ಯನವರೇ. ಆರಾಧನೆ ಮುಗಿದು ಬಾಗಿಲಲ್ಲಿ ಕೈಕುಲುಕುವಾಗ ಎಲ್ಲರದ್ದೂ ಒಂದೇ ಮಾತು, "ಒಳ್ಳೆ ಆಶೀರ್ವಾದ ಆಯ್ತು ಅಯ್ಯನವರೇ." ನಲವತ್ತೈದು ನಿಮಿಷ ತೂಕಡಿಸಿದವರೂ ಇದನ್ನೇ ಹೇಳುತ್ತಿದ್ದರು. ಟೀಕೆ ಹುಟ್ಟುತ್ತಿದ್ದದ್ದು ಮನೆಯ ಊಟದ ಹೊತ್ತಿನಲ್ಲಿ. ಅದು ಅಯ್ಯನವರ ಕಿವಿ ಮುಟ್ಟುವಾಗ ದೂರಿನ ಅರ್ಜಿಯಾಗಿರುತ್ತಿತ್ತು. ಇಂಥ ಮೌನದಲ್ಲಿ ನಾಲ್ಕೈದು ವರ್ಷ ಕಳೆದರೆ ಪ್ರಸಂಗಿಯ ಅಭ್ಯಾಸಗಳು ಗಟ್ಟಿಯಾಗಿಬಿಡುತ್ತವೆ. ಆಮೇಲೆ ತಿದ್ದುವುದು ಕಷ್ಟ ಎಂದು ಸಭೆಯ ಹಿರಿಯರಿಗೂ ಅನ್ನಿಸಿ ಶಿಬಿರಗಳು ಶುರುವಾದವು.

ಮೊದಲ ಶಿಬಿರಗಳಲ್ಲಿ ಇದ್ದದ್ದೆಲ್ಲ ಭಾಷಣ. ಹೊರಗಿನಿಂದ ವಿದ್ವಾಂಸರು ಬರುತ್ತಿದ್ದರು, ಬೆಳಿಗ್ಗೆಯಿಂದ ಸಂಜೆಯವರೆಗೆ ನೋಟ್ಸು. ಒಬ್ಬರು ಹ್ಯಾಡನ್ ರಾಬಿನ್ಸನ್ ಅವರ 1980ರ ಪುಸ್ತಕ ಹಿಡಿದು, ಒಂದು ಪ್ರಸಂಗಕ್ಕೆ ಒಂದೇ ಮುಖ್ಯ ವಿಚಾರ ಇರಬೇಕೆಂದು ಕಲಿಸಿದರು. ಇನ್ನೊಬ್ಬರು ಫ್ರೆಡ್ ಕ್ರಾಡಕ್ 1971ರಲ್ಲಿ ಬರೆದದ್ದನ್ನು ವಿವರಿಸಿದರು: ತೀರ್ಮಾನವನ್ನು ಮೊದಲೇ ಹೇಳಿ ಕೆಳಗಿಳಿಯಬೇಡಿ, ಕೇಳುವವರು ನಿಮ್ಮೊಂದಿಗೆ ನಡೆದು ತಾವೇ ಅಲ್ಲಿಗೆ ತಲುಪಲಿ. ಎರಡೂ ಬೆಲೆಯುಳ್ಳ ಮಾತು. ಆದರೆ ಮುಂದಿನ ಭಾನುವಾರ ನಮ್ಮ ಪೀಠದಿಂದ ಕೇಳಿಬಂದದ್ದು, ಅಂಥ ಪುಸ್ತಕಗಳ ಉದಾಹರಣೆಗಳು ಮಾತ್ರ. ಹಿಮದಲ್ಲಿ ಸಿಕ್ಕಿಬಿದ್ದ ಸ್ಕಾಟ್ಲೆಂಡಿನ ಕುರುಬ, ಮಹಾಯುದ್ಧದ ಸಿಪಾಯಿ, ಯಾವುದೋ ರೈಲು ಸೇತುವೆಯ ಕಾವಲುಗಾರ. ಆಷಾಢದ ಮಳೆಯಲ್ಲಿ ತೊಯ್ದು ಬಂದವರು ಹಿಮದ ಕಥೆ ಕೇಳಿ ಮನೆಗೆ ಹೋದರು.

ಆಮೇಲೆ ಶಿಬಿರದ ಹೊಣೆ ಹೊತ್ತ ಒಬ್ಬ ಹಿರಿಯ ಅಯ್ಯನವರು ಭಾಷಣ ಅರ್ಧಕ್ಕೆ ಇಳಿಸಿ, ಉಳಿದ ಹೊತ್ತಿನಲ್ಲಿ ಕಿರಿಯರೇ ಒಬ್ಬರಿಗೊಬ್ಬರು ಪ್ರಸಂಗ ಮಾಡಬೇಕೆಂದರು. ಎದುರಿನ ಬೆಂಚಿಗೆ ಸುತ್ತಲಿನ ಸಭೆಗಳಿಂದ ಕೇಳುಗರನ್ನೂ ಕರೆಸಿದರು: ಬೀಡಿ ಕಟ್ಟುವ ಹೆಂಗಸು, ಬಸ್ ಡ್ರೈವರ್, ಕಾಲೇಜು ಹುಡುಗಿ, ಕೊಡಗಿನ ಕಾಫಿ ತೋಟದ ಆಳು. ನಿಯಮಗಳು ಕೆಲವೇ. "ಚೆನ್ನಾಗಿತ್ತು" ಅನ್ನುವಂತಿಲ್ಲ. ಏನು ಕೇಳಿಸಿತು, ಎಲ್ಲಿ ದಾರಿ ತಪ್ಪಿತು, ಈ ಪ್ರಸಂಗ ಯಾರನ್ನು ಹೊರಗಿಟ್ಟಿತು ಎಂದು ಮಾತ್ರ ಹೇಳಬೇಕು. ಅವರು ಹೇಳಿ ಮುಗಿಸುವವರೆಗೆ ಪ್ರಸಂಗಿ ಬಾಯಿ ತೆರೆಯುವಂತಿಲ್ಲ. ಈ ಕೊನೆಯ ನಿಯಮ ಪಾಲಿಸಲು ಅಯ್ಯನವರು ಪಟ್ಟ ಪಾಡನ್ನು ನೋಡಬೇಕಿತ್ತು.

ಒಂದು ಮಧ್ಯಾಹ್ನ ಒಬ್ಬ ಕಿರಿಯರು ಮತ್ತಾಯನ ಇಪ್ಪತ್ತನೆಯ ಅಧ್ಯಾಯ ತೆಗೆದುಕೊಂಡರು. ದ್ರಾಕ್ಷಾತೋಟದ ಯಜಮಾನ ಸಂಜೆ ಬಂದ ಕೂಲಿಗೂ ಬೆಳಿಗ್ಗೆಯಿಂದ ದುಡಿದವನಿಗೂ ಒಂದೇ ಸಂಬಳ ಕೊಡುವ ಸಾಮ್ಯ. ಪ್ರಸಂಗ ಅಚ್ಚುಕಟ್ಟಾಗಿತ್ತು: ದೇವರ ಕೃಪೆ ಉಚಿತ, ದೇವರ ಕೃಪೆ ಸಮಾನ, ದೇವರ ಕೃಪೆ ಸ್ವತಂತ್ರ. ಕೇಳುಗರ ಸರದಿ ಬಂದಾಗ ತೋಟದ ಆಳು ಬಹಳ ಹೊತ್ತು ಸುಮ್ಮನಿದ್ದು, "ಅಯ್ಯನವರೇ, ಮಾರನೇ ದಿನ ಬೆಳಿಗ್ಗೆ ಆ ತೋಟಕ್ಕೆ ಯಾರು ಬೇಗ ಬಂದಿರ್ತಾರೆ?" ಎಂದ. ಕೋಣೆಯಲ್ಲಿ ನಗು. ಅವನು ನಗಲಿಲ್ಲ. "ನಮ್ಮಲ್ಲಿ ಸಂಜೆವರೆಗೂ ನಿಂತವನನ್ನ ಯಾಕೆ ಯಾರೂ ಕರೀಲಿಲ್ಲ ಅಂತ ನಂಗೆ ಗೊತ್ತು. ವಯಸ್ಸಾಗಿರ್ತದೆ, ಇಲ್ಲ ಕಾಲು ಊನ ಆಗಿರ್ತದೆ. ಅವನ ಮನೆಯಲ್ಲೂ ಅಷ್ಟೇ ಅಕ್ಕಿ ಬೇಕಲ್ಲ?"

ಕಿರಿಯರು ರಾತ್ರಿ ಪ್ರಸಂಗ ಮತ್ತೆ ಬರೆದರು. ಮೂರು ತಲೆಬರಹ ಹೋದವು. ಯಾರೂ ಕೂಲಿಗೆ ಕರೆಯದೆ ಪೇಟೆಯ ಬೀದಿಯಲ್ಲಿ ಸಂಜೆ ಐದರವರೆಗೆ ನಿಂತವನ ದಿನದಿಂದ ಶುರುವಾಯಿತು. ಬೆಳಿಗ್ಗೆಯೇ ಬಂದವರ ಸಿಟ್ಟನ್ನೂ ಅವರು ತಳ್ಳಿಹಾಕಲಿಲ್ಲ. ಬಿಸಿಲಿನಲ್ಲಿ ದುಡಿದವರ ಗೊಣಗಾಟಕ್ಕೆ ಕಾರಣವಿದೆ ಎಂದು ಒಪ್ಪಿಕೊಂಡೇ, ಒಂದು ದಿನದ ಸಂಬಳವೆಂದರೆ ಒಂದು ದಿನದ ಅನ್ನ ಎಂಬಲ್ಲಿಗೆ ಬಂದರು. ಕೃಪೆ ಎಂಬ ಮಾತು ಒಮ್ಮೆ ಮಾತ್ರ, ಕೊನೆಯಲ್ಲಿ ಬಂತು. ಹದಿನೆಂಟು ನಿಮಿಷದಲ್ಲಿ ಮುಗಿಯಿತು. ಗ್ರೀಕ್ ಓದಿದ್ದು ವ್ಯರ್ಥವಾಗಲಿಲ್ಲ. ಆ ಸಾಮ್ಯದ ದಿನಾರಿ ಒಬ್ಬ ಆಳಿನ ಒಂದು ದಿನದ ಕೂಲಿ ಎಂಬುದು ಓದಿನಿಂದಲೇ ಬಂದ ತಿಳಿವಳಿಕೆ. ಅದನ್ನು ಎಲ್ಲಿಡಬೇಕೆಂದು ತೋರಿಸಿದವನು ತೋಟದ ಆಳು.

ನನ್ನ ಪಾಲಿನ ಕೆಲಸ ಭಾಷೆ. ನಮ್ಮ ಕರಾವಳಿಯ ಪ್ರೊಟೆಸ್ಟಂಟರಲ್ಲಿ ಹಲವರ ಮನೆಮಾತು ತುಳು, ಆರಾಧನೆ ಕನ್ನಡದಲ್ಲಿ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಅಚ್ಚಾಗಿದ್ದರೂ ಪೀಠದ ಭಾಷೆ ಕನ್ನಡವಾಗಿಯೇ ಬೆಳೆಯಿತು, ಅದೂ ಸತ್ಯವೇದದ ಗಂಭೀರ ಕನ್ನಡ. ಆ ಭಾಷೆಯ ಮೇಲೆ ನನಗೆ ತುಂಬ ಪ್ರೀತಿ. ಓದಲು ಅದು ಸೊಗಸು. ಆದರೆ ಕಿರಿಯರು ತಮ್ಮ ಸ್ವಂತ ಮಾತನ್ನೂ ಅದೇ ಶೈಲಿಗೆ ಏರಿಸಿ, ವಿಮೋಚನೆ, ನೀತೀಕರಣ, ಪವಿತ್ರೀಕರಣ ಎಂದು ಸಾಲಾಗಿ ಜೋಡಿಸುತ್ತಿದ್ದರು. ನಾನು ಕೊಡುತ್ತಿದ್ದ ಅಭ್ಯಾಸ ಸರಳ. ತುಳುವರಾದರೆ ತಪ್ಪಿಹೋದ ಮಗನ ಸಾಮ್ಯವನ್ನು ಮೊದಲು ಬೀಡಿ ಕಟ್ಟುವ ಅಕ್ಕನಿಗೆ ತುಳುವಿನಲ್ಲಿ ಹೇಳಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿ. ಉತ್ತರ ಕರ್ನಾಟಕದವರಾದರೆ ಮನೆಯಲ್ಲಿ ಅವ್ವನ ಹತ್ತಿರ ಮಾತಾಡುವ ಕನ್ನಡದಲ್ಲೇ ಹೇಳಿ. ವಾಕ್ಯಗಳು ತಾವಾಗಿಯೇ ಸಣ್ಣವಾಗುತ್ತಿದ್ದವು, ಕ್ರಿಯಾಪದಗಳು ಚುರುಕಾಗುತ್ತಿದ್ದವು. ತಂದೆ ಓಡಿಬಂದದ್ದು ಕಾಣುತ್ತಿತ್ತು.

ಕಿವಿಗೆ ಮುಟ್ಟುವ ಮಾತು ಇಲ್ಲಿಗೆ ಹೊಸದಲ್ಲ. ನಿಘಂಟಿನ ಕಿಟೆಲ್ 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿಗೆ ತಂದಿದ್ದರು. ಶಿಬಿರದ ಒಂದು ರಾತ್ರಿ ನಾನು ಕಿರಿಯರನ್ನು ತಾಳಮದ್ದಳೆಗೆ ಕರೆದುಕೊಂಡು ಹೋದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಅರ್ಥಧಾರಿಗಳು ಭಾಗವತರ ಪದ ಮುಗಿದ ಕೂಡಲೇ ಮಾತು ಹೊಸೆಯುತ್ತಾರೆ. ಕೈಯಲ್ಲಿ ಬರೆದುಕೊಂಡದ್ದಿಲ್ಲ, ಆದರೆ ವರ್ಷಗಟ್ಟಲೆ ಪುರಾಣ ಓದಿದ ಬಲವಿದೆ. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳದವನು ಅಲ್ಲಿ ಸೋಲುತ್ತಾನೆ. ಚೀಟಿ ನೋಡದೆ ಮಾತಾಡುವುದೆಂದರೆ ತಯಾರಿಯಿಲ್ಲದೆ ಮಾತಾಡುವುದು ಎಂದು ತಿಳಿದಿದ್ದ ಇಬ್ಬರು ಮೂವರು ಮರುದಿನ ಬೆಳಿಗ್ಗೆ ಪೆನ್ನು ಹಿಡಿದು ಕೂತದ್ದನ್ನು ಕಂಡೆ.

ಹೆಣ್ಣುಮಕ್ಕಳು ಬಂದದ್ದು ಇನ್ನೊಂದು ದೊಡ್ಡ ಬದಲಾವಣೆ. ನಮ್ಮ ಸಭೆಗಳು ಸೇರಿರುವ ದಕ್ಷಿಣ ಭಾರತ ಸಭೆಯಲ್ಲಿ 1976ರಲ್ಲಿ ಮೊದಲ ಮಹಿಳೆಗೆ ದೀಕ್ಷೆಯಾಯಿತು. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಶಿಬಿರಕ್ಕೆ ಬಂದ ಒಬ್ಬ ಅಮ್ಮನವರು ಲೂಕನ ಹದಿನೈದನೆಯ ಅಧ್ಯಾಯ ತೆರೆದು, ಇಲ್ಲಿ ಕುರಿಯ ಕಥೆಗೂ ಮಗನ ಕಥೆಗೂ ನಡುವೆ ಇನ್ನೊಂದಿದೆ, ನೀವು ಯಾರೂ ಅದರ ಮೇಲೆ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ ಎಂದರು. ಹೆಂಗಸೊಬ್ಬಳು ದೀಪ ಹಚ್ಚಿ, ಮನೆ ಗುಡಿಸಿ, ಕಳೆದ ನಾಣ್ಯ ಹುಡುಕುವ ಸಾಮ್ಯ. ನಾನೂ ಯೋಚಿಸಿದೆ, ಅಷ್ಟು ವರ್ಷದ ಭಾನುವಾರಗಳಲ್ಲಿ ಒಂದೂ ನೆನಪಾಗಲಿಲ್ಲ.

2020ರ ಮಾರ್ಚ್‌ನಲ್ಲಿ ಚರ್ಚುಗಳು ಮುಚ್ಚಿದಾಗ ಕಿರಿಯರು ಖಾಲಿ ಬೆಂಚುಗಳ ಮುಂದೆ ಮೊಬೈಲಿಗೆ ಪ್ರಸಂಗ ಮಾಡಿದರು. ಕೇಳುಗರ ಕೈಗೆ ಹೋಲಿಕೆ ಬಂತು. ಅದೇ ಬೆಳಿಗ್ಗೆ ಹೈದರಾಬಾದಿನ, ಚೆನ್ನೈನ, ಅಮೆರಿಕದ ಪ್ರಸಂಗವನ್ನೂ ಕೇಳಬಹುದು. ಕೆಲವರು ಆ ದೊಡ್ಡ ಪ್ರಸಂಗಿಗಳ ದನಿಯನ್ನೇ ಅನುಕರಿಸಿದರು. ಈಗಂತೂ ವಚನ ಹೇಳಿದರೆ ಪ್ರಸಂಗವನ್ನೇ ಬರೆದುಕೊಡುವ ಯಂತ್ರವಿದೆ. ಇವುಗಳ ನಡುವೆ ಉಪಯೋಗಕ್ಕೆ ಬಿದ್ದದ್ದು ಸಣ್ಣ ವ್ಯವಸ್ಥೆ: ಶಿಬಿರದಲ್ಲಿ ಜೊತೆಯಾದ ನಾಲ್ಕೈದು ಜನ ವಾರದ ನಡುವೆ ತಮ್ಮ ಕರಡನ್ನು ವಾಟ್ಸಾಪ್‌ನಲ್ಲಿ ದನಿಯಾಗಿ ಕಳಿಸಿ ಪರಸ್ಪರ ಪ್ರಶ್ನೆ ಕೇಳುವುದು. ಅದಕ್ಕಾಗಿ ತಯಾರಿ ಶನಿವಾರ ರಾತ್ರಿಯಿಂದ ಬುಧವಾರಕ್ಕೆ ಬಂತು. ವರ್ಗಾವಣೆಯಾಗಿ ಊರು ಬದಲಾದರೂ ಗುಂಪು ಉಳಿಯುತ್ತದೆ.

ಎಲ್ಲರಿಗೂ ಇದು ಒಗ್ಗಲಿಲ್ಲ. ಆಳುಗಳ ಮುಂದೆ ಅಯ್ಯನವರನ್ನು ಪರೀಕ್ಷೆಗೆ ನಿಲ್ಲಿಸುವುದೇ ಎಂದು ಸಿಟ್ಟಾದವರಿದ್ದರು. ಶಿಬಿರಕ್ಕೆ ಬಿಡಲು ಒಪ್ಪದ ಕಮಿಟಿಗಳಿದ್ದವು. ಅಯ್ಯನವರು ಊರಲ್ಲಿಲ್ಲದಾಗ ಮರಣವಾದರೆ ಏನು ಮಾಡುವುದೆಂಬ ಅವರ ಚಿಂತೆ ಸುಳ್ಳಲ್ಲ. ಚಿಕ್ಕದಾದ ಪ್ರಸಂಗವೆಲ್ಲ ಒಳ್ಳೆಯದೂ ಅಲ್ಲ. ಹಳೆಯ ಅಯ್ಯನವರು ಮುಕ್ಕಾಲು ಗಂಟೆಯಲ್ಲಿ ಯೋಸೇಫನ ಕಥೆಯನ್ನು ಬಾವಿಯಿಂದ ಅರಮನೆಯವರೆಗೆ ಬಿಡದೆ ನಡೆಸುತ್ತಿದ್ದದ್ದನ್ನು ಕೇಳಿದ ನನಗೆ, ಆ ಉಸಿರು ಈಗಿನವರಲ್ಲಿ ಕಡಿಮೆ ಅನ್ನಿಸುತ್ತದೆ.

ಒಂದು ಪಾಸ್ಟರೇಟಿನಲ್ಲಿ ನಾಲ್ಕು ಚರ್ಚುಗಳಿದ್ದರೆ ಅಯ್ಯನವರು ಪ್ರತಿ ಭಾನುವಾರ ನಾಲ್ಕೂ ಕಡೆ ನಿಲ್ಲಲಾರರು. ಸಣ್ಣ ಸಭೆಗಳಲ್ಲಿ ಹಲವು ಭಾನುವಾರ ಪೀಠ ಹತ್ತುವವರು ಸಭೆಯ ಹಿರಿಯರು, ಟೀಚರುಗಳು, ನಿವೃತ್ತ ಗುಮಾಸ್ತರು. ಅವರಿಗೆ ಸೆಮಿನರಿಯೂ ಇಲ್ಲ, ಶಿಬಿರವೂ ಇಲ್ಲ. ಕಿರಿಯ ಅಯ್ಯನವರೊಬ್ಬರು ಕಳೆದ ವರ್ಷ ತಮ್ಮ ಪಾಸ್ಟರೇಟಿನ ಇಂಥವರನ್ನು ಸೇರಿಸಿ, ಅದೇ ಮೂರು ಪ್ರಶ್ನೆ ಕೊಟ್ಟು, ಮೊದಲ ಪ್ರಸಂಗವನ್ನು ತಾವೇ ಮಾಡಿ, ಬಾಯಿ ಮುಚ್ಚಿ ಕೂತರಂತೆ. ಇದು ಬೇರೆ ಪಾಸ್ಟರೇಟುಗಳಲ್ಲೂ ಆಗಬೇಕು. ಕರೆದರೆ ಕನ್ನಡ ತಿದ್ದಲು ನಾನು ಬಸ್ಸು ಹತ್ತಲು ಸಿದ್ಧ.