ಬಾದಾಮಿ ಹೂ ಬಿಡುವ ನಾಡಿನಲ್ಲಿ

ಬಾದಾಮಿ ಎಂದೊಡನೆ ನಮಗೆ ನೆನಪಾಗುವುದು ಬಾದಾಮಿ ಹಾಲು, ಬಾದಾಮಿ ಪುರಿ, ಬಾಣಂತಿಯ ಲೇಹ್ಯ, ಹಬ್ಬದ ಪಾಯಸಕ್ಕೆ ಎಣಿಸಿ ಎಣಿಸಿ ಹಾಕುವ ನಾಲ್ಕು ಬೀಜ. ಅಂಗಡಿಯಿಂದ ಪೊಟ್ಟಣದಲ್ಲಿ ಬರುವ ಈ ಬೀಜ ಮರದ ಮೇಲೆ ಹೇಗಿರುತ್ತದೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

‘ಯಾಕೆ, ಶಾಲೆಯ ಅಂಗಳದಲ್ಲಿ ಬಾದಾಮಿ ಮರ ಇಲ್ಲವೇ?’ ಅನ್ನಬಹುದು ನೀವು. ಛತ್ರಿಯಂತೆ ಹರಡಿಕೊಂಡು, ಕೆಂಪು ಎಲೆ ಉದುರಿಸುವ ಆ ಮರ ಕಾಡು ಬಾದಾಮಿ. ಮಕ್ಕಳು ಅದರ ಕಾಯಿ ಜಜ್ಜಿ ತಿರುಳು ತಿನ್ನುವುದೇನೋ ಉಂಟು. ಆದರೆ ಅದರ ಜಾತಿಯೇ ಬೇರೆ. ನಿಜವಾದ ಬಾದಾಮಿ ಗುಲಾಬಿಯ ಕುಟುಂಬಕ್ಕೆ ಸೇರಿದ್ದು. ಪೀಚ್, ಪ್ಲಮ್, ಏಪ್ರಿಕಾಟ್ ಅದರ ದಾಯಾದಿಗಳು. ಚಳಿಗಾಲದಲ್ಲಿ ಒಳ್ಳೆ ಚಳಿ ಬೀಳದಿದ್ದರೆ ಈ ಮರ ಸರಿಯಾಗಿ ಹೂ ಬಿಡುವುದಿಲ್ಲ. ಆದ್ದರಿಂದಲೇ ನಮ್ಮ ದೇಶದಲ್ಲಿ ಇದರ ಮುಖ್ಯ ತವರು ಕಾಶ್ಮೀರ ಕಣಿವೆ.

ಮಾರ್ಚಿಯಲ್ಲಿ ಬಾದಾಮ್‌ವಾರಿ

ಶ್ರೀನಗರದ ಹಳೇ ಪೇಟೆಯ ಪಕ್ಕದಲ್ಲಿ ಹರಿ ಪರ್ವತವೆಂಬ ಗುಡ್ಡವಿದೆ. ಗುಡ್ಡದ ಸುತ್ತ ಅಕ್ಬರನ ಕಾಲದ ಕೋಟೆಗೋಡೆ. ಅದರ ಬುಡದಲ್ಲೇ ಬಾದಾಮ್‌ವಾರಿ, ಅಂದರೆ ಬಾದಾಮಿಯ ತೋಟ. ಬಹಳ ವರ್ಷ ಪಾಳುಬಿದ್ದಿದ್ದ ಈ ತೋಟವನ್ನು ದುರಸ್ತಿ ಮಾಡಿ 2008ರಲ್ಲಿ ಮತ್ತೆ ಜನರಿಗೆ ತೆರೆದರು.

ಸುತ್ತಲಿನ ಬೆಟ್ಟಗಳ ಮೇಲೆ ಇನ್ನೂ ಹಿಮ ಇರುವಾಗಲೇ, ಮಾರ್ಚಿಯಲ್ಲಿ, ಈ ಮರಗಳು ಹೂ ಬಿಡುತ್ತವೆ. ಒಂದು ಎಲೆಯೂ ಇರುವುದಿಲ್ಲ; ಬೋಳು ಕೊಂಬೆಯ ತುಂಬ ಬಿಳಿ, ನಸುಗುಲಾಬಿ ಹೂವು. ಅಲ್ಲಿನವರಿಗೆ ಅದೇ ವಸಂತದ ಕರೆ. ಮನೆಮಂದಿಯೆಲ್ಲ ಚಾಪೆ ಹಾಸಿ ಕೂತು, ಸಮೋವಾರ್ ಎಂಬ ತಾಮ್ರದ ಪಾತ್ರೆಯಿಂದ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ ಬಗ್ಗಿಸಿಕೊಂಡು ಕುಡಿಯುವುದು, ಹುರಿದ ಸಿಂಗಾಡಾ ತಿನ್ನುವುದು ಹಿಂದಿನಿಂದ ಬಂದ ಪದ್ಧತಿ.

ನೋಡುವವರಿಗೆ ಸೊಬಗು, ಬೆಳೆಯುವವರಿಗೆ ಢವಢವ

ಬೆಳೆಗಾರರ ತೋಟಗಳಿರುವುದು ಪುಲ್ವಾಮಾ, ಬಡಗಾಮ್ ಕಡೆಯ ‘ಕರೇವಾ’ ಎಂಬ ಎತ್ತರದ ಬಯಲುಗಳಲ್ಲಿ. ಕೇಸರಿ ಬೆಳೆಯುವುದೂ ಇಂಥ ಬಯಲಿನಲ್ಲೇ. ನೀರಾವರಿ ಇಲ್ಲದ ಕಡೆಯೇ ಹೆಚ್ಚು. ಮಳೆ, ಹಿಮಗಳನ್ನೇ ನಂಬಿದ ಬೇಸಾಯ.

ಎಲ್ಲ ಹಣ್ಣಿನ ಮರಗಳಿಗಿಂತ ಮೊದಲೇ ಹೂ ಬಿಡುವುದೇ ಈ ಮರದ ಅಂದ, ಅದೇ ಅದರ ಕಷ್ಟ. ಬಾದಾಮಿಯ ಹೆಚ್ಚಿನ ತಳಿಗಳಲ್ಲಿ ಒಂದು ಹೂವಿಗೆ ತನ್ನದೇ ತಳಿಯ ಪರಾಗ ಹಿಡಿಯುವುದಿಲ್ಲ. ಪಕ್ಕದಲ್ಲಿ ಬೇರೆ ತಳಿ ಇರಬೇಕು, ಅಲ್ಲಿಂದ ಇಲ್ಲಿಗೆ ಪರಾಗ ತರಲು ಜೇನುನೊಣ ಬರಬೇಕು. ಆ ಕೆಲವೇ ದಿನಗಳಲ್ಲಿ ಚಳಿಮಳೆ ಹಿಡಿಯಿತೋ, ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿತೋ, ಹೂವೇ ಕರಗಿ ಹೋಯಿತು. ವರ್ಷದ ಗಂಜಿ ಆ ಒಂದೆರಡು ವಾರದ ಬಿಸಿಲಿನ ಕೈಯಲ್ಲಿ!

ಉಳಿದ ಹೂವು ಕಾಯಾದಾಗ ನೋಡಲು ಹಸಿರು ಮಿಡಿಮಾವು, ಮೈತುಂಬ ನವಿರು ರೋಮ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮೇಲಿನ ಸಿಪ್ಪೆ ಒಣಗಿ ಬಿರಿಯುತ್ತದೆ. ಉದ್ದ ಕೋಲಿನಿಂದ ಕೊಂಬೆ ಬಡಿದು ಕಾಯಿ ಉದುರಿಸುತ್ತಾರೆ. ಸಿಪ್ಪೆ ಬಿಡಿಸಿ, ಬಿಸಿಲಿಗೆ ಹರವಿ, ಚಿಪ್ಪು ಒಡೆಯುವ ಕೆಲಸದಲ್ಲಿ ಮನೆಯ ಹೆಂಗಸರದೂ ದೊಡ್ಡ ಪಾಲು. ‘ಕಾಗಜಿ’ ಬಾದಾಮಿಯಾದರೆ ಚಿಪ್ಪು ಕಾಗದದಷ್ಟು ತೆಳು, ಬೆರಳಲ್ಲೇ ಒಡೆಯಬಹುದು.

ಇಷ್ಟು ದುಡಿದರೂ ಪೈಪೋಟಿ ಜೋರು. ಜಗತ್ತಿನ ಬಾದಾಮಿಯಲ್ಲಿ ಸುಮಾರು ಮುಕ್ಕಾಲು ಭಾಗ ಅಮೆರಿಕದ ಕ್ಯಾಲಿಫೋರ್ನಿಯಾ ಒಂದರದೇ. ಅಲ್ಲಿ ಮರ ಅಲುಗಿಸಲು ಯಂತ್ರವಿದೆ, ಫೆಬ್ರವರಿಯಲ್ಲಿ ಲಾರಿಗಳಲ್ಲಿ ಲಕ್ಷಗಟ್ಟಲೆ ಜೇನುಪೆಟ್ಟಿಗೆ ಬರುತ್ತವೆ. ನಮ್ಮ ಪೇಟೆಯ ಬಾದಾಮಿ ಹೆಚ್ಚಾಗಿ ಅಲ್ಲಿಯದೇ. ಇತ್ತ ಕಾಶ್ಮೀರದಲ್ಲಿ ಅನೇಕರು ಬಾದಾಮಿ ಕಡಿದು ಸೇಬು ನೆಡುತ್ತಿದ್ದಾರೆ. ಕೆಲವೆಡೆ ತೋಟವಿದ್ದ ಜಾಗದಲ್ಲಿ ಮನೆಗಳೆದ್ದಿವೆ. ಸಂಸಾರ ನಡೆಯಬೇಕಲ್ಲ, ಅವರನ್ನು ದೂರುವುದು ಹೇಗೆ? ಆದರೆ ಒಂದು ಮರ ಹೋದರೆ ಮಾರ್ಚಿಯ ಹೂವೂ ಅದರೊಂದಿಗೇ ಹೋದಂತೆ.

ಕೊಳ್ಳುವಾಗ, ಇಡುವಾಗ

ಬೀಜದಿಂದ ಬೆಳೆಸಿದ ಮರಗಳಲ್ಲಿ ಒಮ್ಮೊಮ್ಮೆ ಕಹಿ ಬಾದಾಮಿ ಬಿಡುವುದುಂಟು. ಕಹಿಯಲ್ಲಿ ವಿಷದ ಅಂಶವಿರುತ್ತದೆ. ಬಾಯಿಗೆ ಕಹಿಯೆನಿಸಿದರೆ ಉಗಿದುಬಿಡಿ, ಮಕ್ಕಳಿಗಂತೂ ಕೊಡಲೇಬೇಡಿ. ಬಾದಾಮಿಯಲ್ಲಿ ಎಣ್ಣೆ ಜಾಸ್ತಿಯಾದ್ದರಿಂದ ಸೆಕೆಗಾಲದಲ್ಲಿ ಬೇಗ ಕಮಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಸಾಧ್ಯವಾದರೆ ಫ್ರಿಜ್ಜಿನಲ್ಲಿಡಿ.

ಕಾಶ್ಮೀರದ ಕಹ್ವಾ (ನಾಲ್ಕು ಜನಕ್ಕೆ)

ನಾಲ್ಕು ಲೋಟ ನೀರಿಗೆ ಒಂದು ತುಂಡು ಚಕ್ಕೆ, ಜಜ್ಜಿದ ನಾಲ್ಕು ಏಲಕ್ಕಿ, ಏಳೆಂಟು ಎಸಳು ಕೇಸರಿ, ರುಚಿಗೆ ತಕ್ಕಷ್ಟು ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ. ಇಳಿಸಿ, ಒಂದು ಚಮಚ ಹಸಿರು ಚಹಾ ಎಲೆ ಹಾಕಿ ಎರಡು ನಿಮಿಷ ಮುಚ್ಚಿಡಿ. ಹಾಲು ಬೇಡ. ಶೋಧಿಸಿ ಲೋಟಕ್ಕೆ ಬಗ್ಗಿಸಿ, ಮೇಲೆ ಸಣ್ಣಗೆ ಹೆಚ್ಚಿದ ಬಾದಾಮಿ ಉದುರಿಸಿ. ತಲೆಗೆ ಎರಡು ಬಾದಾಮಿಯಾದರೂ ಇರಲಿ. ಅಷ್ಟಕ್ಕೆ ಜಿಪುಣತನ ಬೇಡ!