ಬೆಂಚಿನ ಮೇಲೆ ಕುಳಿತ ಹುಡುಗಿಯರು

ಡೊಂಬಿವಲಿಯಲ್ಲಿ ನೆಲೆಸಿದ ಮೇಲೆ ನನಗೆ ಅಂಟಿಕೊಂಡ ಹವ್ಯಾಸಗಳಲ್ಲಿ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನೋಡುವುದೂ ಒಂದು. ಥಾಣೆಯಿರಲಿ, ಕಲ್ಯಾಣವಿರಲಿ, ನವಿ ಮುಂಬಯಿಯ ವಾಶಿಯಿರಲಿ, ಪ್ರೇಕ್ಷಕರ ನಡುವೆ ಪ್ರಶಸ್ತಿ ಯಾರಿಗೆಂಬ ಚರ್ಚೆ ಇದ್ದದ್ದೇ. ಹೆಚ್ಚಿನವರು ಎತ್ತರದ ಹುಡುಗಿಯಿರುವ ತಂಡವನ್ನೇ ತೋರಿಸುತ್ತಾರೆ. ಬುಟ್ಟಿಯೇ ನೆಲದಿಂದ 3.05 ಮೀಟರ್ ಮೇಲಿರುವಾಗ ಅದು ಸಹಜ. ನನ್ನ ಕಣ್ಣು ಮಾತ್ರ ಮೊದಲು ಬೆಂಚಿನತ್ತ ಹೊರಳುತ್ತದೆ.

ಅಂಗಣದಲ್ಲಿ ಆಡುವವರು ಐವರು. ಆಟ 40 ನಿಮಿಷ. ಐದು ಫೌಲ್ ಆದವಳು ಹೊರನಡೆಯಬೇಕು. ಆಗ ಒಳಬರುವವಳು ಯಾರು ಎಂಬುದರ ಮೇಲೆ ಪಂದ್ಯ ನಿಂತಿರುತ್ತದೆ. 2024ರ ಏಪ್ರಿಲ್‌ನಲ್ಲಿ ನಡೆದ ಅಮೆರಿಕದ ಮಹಿಳಾ ಕಾಲೇಜು ಫೈನಲ್ ಇದಕ್ಕೆ ಸಾಕ್ಷಿ. ಅಯೊವಾದ ಕೈಟ್ಲಿನ್ ಕ್ಲಾರ್ಕ್ ಮೊದಲ ಕ್ವಾರ್ಟರಿನಲ್ಲೇ 18, ಒಟ್ಟು 30 ಅಂಕ ಗಳಿಸಿದರು. ಆದರೂ 87–75ರಿಂದ ಗೆದ್ದದ್ದು ಸೌತ್ ಕೆರೊಲಿನಾ. ಅವರ ಬೆಂಚಿನಿಂದ ಬಂದವರು 37 ಅಂಕ ಗಳಿಸಿದರೆ, ಅಯೊವಾದ ಬೆಂಚಿನಿಂದ ಒಂದೂ ಬರಲಿಲ್ಲ.

ಎಳೆಯ ಆಟಗಾರ್ತಿಯನ್ನು ಅಳೆಯುವಾಗಲೂ ನಾನು ಅಂಕಪಟ್ಟಿಯನ್ನು ಬದಿಗಿಡುತ್ತೇನೆ. ಚೆಂಡು ತನ್ನ ಕೈಯಲ್ಲಿಲ್ಲದಾಗ ಅವಳು ಏನು ಮಾಡುತ್ತಾಳೆ? ಎಡಗೈಯಲ್ಲೂ ಚೆಂಡನ್ನು ಪುಟಿಸಬಲ್ಲಳೆ? ಕೊನೆಯ ಕ್ವಾರ್ಟರಿನಲ್ಲಿ, ಉಸಿರು ಏರಿದಾಗ, ಫ್ರೀ ಥ್ರೋ ಗೆರೆಯಲ್ಲಿ ಅವಳ ಮೊಣಕಾಲು ಹೇಗೆ ಬಾಗುತ್ತದೆ? ಅಲ್ಲಿ ತಡೆಯುವವರು ಯಾರೂ ಇರುವುದಿಲ್ಲ, ದಣಿವೊಂದೇ ಎದುರಾಳಿ.

ಆದರೆ ನಮ್ಮ ಕಡೆ ದಣಿವು ಅಂಗಣದಲ್ಲಷ್ಟೇ ಇಲ್ಲ. ಕಲ್ಯಾಣದ ಹುಡುಗಿ ವಾಶಿಯಲ್ಲಿ ಅಭ್ಯಾಸ ಮುಗಿಸಿ, 2004ರಲ್ಲಿ ಆರಂಭವಾದ ಟ್ರಾನ್ಸ್-ಹಾರ್ಬರ್ ಮಾರ್ಗದಲ್ಲಿ ಥಾಣೆಗೆ ಬಂದು, ಅಲ್ಲಿ ಕಿಕ್ಕಿರಿದ ಇನ್ನೊಂದು ಗಾಡಿಗೆ ನುಗ್ಗಿ ಮನೆ ಸೇರಬೇಕು. ಮೊದಲ ವರ್ಷ ಹನ್ನೆರಡು ಮಂದಿಯಿದ್ದ ತಂಡ ಮೂರನೆಯ ವರ್ಷಕ್ಕೆ ಏಳಕ್ಕೆ ಇಳಿದುದನ್ನು ಕಂಡಿದ್ದೇನೆ. ಬಿಟ್ಟುಹೋದವರು ಆಟ ಬಾರದವರೇನಲ್ಲ.

ಧಾರವಾಡದ ಕಡೆಯ ತಾಯಿಯೊಬ್ಬರು ಒಮ್ಮೆ ಪಕ್ಕಕ್ಕೆ ಕರೆದು ಕೇಳಿದರು: “ಅಣ್ಣಾರ, ಈ ಆಟದಿಂದ ನೌಕರಿ ಸಿಗತೈತೇನ್ರಿ?” ಮಗಳು ಆಗ ತಂಡದ ಎಂಟನೆಯ ಆಟಗಾರ್ತಿ. ನಾನು ರೈಲ್ವೆಯ ಕ್ರೀಡಾ ಕೋಟಾದ ಬಗ್ಗೆ ಹೇಳಿದೆ. ದಕ್ಷಿಣ ರೈಲ್ವೆಯಲ್ಲಿದ್ದು 2001ರಿಂದ 2017ರವರೆಗೆ ಒಂಬತ್ತು ಏಷ್ಯನ್ ಚಾಂಪಿಯನ್‌ಶಿಪ್‌ಗಳನ್ನಾಡಿದ, 2021ರಲ್ಲಿ ಪದ್ಮಶ್ರೀ ಪಡೆದ ತಮಿಳುನಾಡಿನ ಅನಿತಾ ಪಾಲ್‌ದುರೈ ಅವರ ಹೆಸರನ್ನೂ ಹೇಳಿದೆ. “ಆದ್ರ ಕೆಲವರಿಗಷ್ಟೇ ತಂಗಿ, ಎಲ್ಲಾರಿಗೂ ಅಲ್ಲ,” ಎಂದು ಸೇರಿಸದೆ ಇರಲಾಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದು ವರ್ಷ ನೋಡೂಣು,” ಎಂದರು.

ಪ್ರಶಸ್ತಿಯ ಸಾಧ್ಯತೆಯನ್ನು ಲೆಕ್ಕಹಾಕುವಾಗ ಇಂಥ ಒಂದೊಂದು ವರ್ಷವನ್ನೂ ನಾನು ಎಣಿಸುತ್ತೇನೆ. ಮೂರನೆಯ ವರ್ಷಕ್ಕೂ ಎಂಟು ಹುಡುಗಿಯರು ಉಳಿದ ತಂಡ, ಒಬ್ಬಳೇ ತಾರೆಯಿರುವ ತಂಡಕ್ಕಿಂತ ಪ್ರಶಸ್ತಿಗೆ ಹತ್ತಿರ. ಆ ಎಂಟನೆಯ ಹುಡುಗಿ ಈಗ ಎರಡನೆಯ ಕ್ವಾರ್ಟರಿನಲ್ಲಿ ಆರು ನಿಮಿಷ ಆಡುತ್ತಾಳೆ. ಅಂಕ ಗಳಿಸುವುದು ಅಪರೂಪ. ಎದುರಾಳಿಯ ಮುಖ್ಯ ಆಟಗಾರ್ತಿಗೆ ಮಾತ್ರ ಆ ಆರು ನಿಮಿಷ ಬಿಡುವು ಕೊಡುವುದಿಲ್ಲ.